ಗೂಡೆಣಿಕೆ

ಗದ್ದ ಸ್ವಲ್ಪ ಮೇಲೆ. ಕಿವಿ ಎರಡೂ ಕಾಣಲಿ.
ನಗಬೇಡಿ.
ಹದಿನಾರು ವರ್ಷದಿಂದ ಇದೇ ಮಾತು
ಇದೇ ನೀಲಿ ಬಟ್ಟೆಯ ಮುಂದೆ.
ಸೊರಬದ ಅರ್ಧ ತಾಲ್ಲೂಕು
ನನ್ನ ಸ್ಟೂಲಿನ ಮೇಲೆ ಕೂತು
ನಗದೆ ಎದ್ದು ಹೋಗಿದೆ.

ಆಗಸ್ಟಿನಲ್ಲೊಂದು ದಿನ, ಗಿರಾಕಿಯಿಲ್ಲದೆ, ಶಟರ್ ಎಳೆದು
ಮದುವೆ ಸೀಸನ್ನಿಗೆಂದು ಕಂತಿನಲ್ಲಿ ಕೊಂಡ
ಉದ್ದ ಲೆನ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು
ಹೆಗ್ಗೆರೆಕೊಪ್ಪದ ಕೆರೆಗೆ ಹೋದೆ.
ಕಾಣುವ ಮೊದಲೇ ನಾತ:
ಹಳೆ ಮೀನು, ಹಸಿ ಸುಣ್ಣ, ಕೊಳೆತ ಜೊಂಡು.
ಆಮೇಲೆ ಗದ್ದಲ,
ರೇಷನ್ ಅಂಗಡಿಯ ಬಾಗಿಲು ಆಗಷ್ಟೇ ತೆರೆದ ಹಾಗೆ.

ಕಾವಲಿಗೆ ಕೆರಿಯಪ್ಪ.
ಮೇಲೆ ಇಲಾಖೆಯ ಖಾಕಿ, ಕೆಳಗೆ ಸ್ವಂತದ ಲುಂಗಿ.
"ತಂಗೀ, ಡಬ್ಬ ಈಗ್ಲೇ ತೆಗೀಬ್ಯಾಡ.
ಮೊದ್ಲು ಅವು ನಿನ್ನ ನೋಡ್ಲಿ."
ಕೂತೆವು.
ಉಂಬಳವೊಂದು ನನ್ನ ಹಿಮ್ಮಡಿ ಹತ್ತಿ
ಊಟ ಮುಗಿಸಿ ಇಳಿದು ಹೋಯಿತು.

ಸೊಂಟಮಟ್ಟ ನೀರಿನಲ್ಲಿ ನಿಂತ ಹೊಳೆಲಕ್ಕಿ ಮರಗಳು,
ನೆತ್ತಿಯ ಮೇಲೆ ಯಾರೋ ಸುಣ್ಣದ ಬಾನಿ ಕವುಚಿದಂತೆ ಬಿಳಿ.
ಕೊಂಬೆಗೆ ಹತ್ತು ಸಂಸಾರ.
ಬೋಳು ಕರಿತಲೆಯ ಕೆಂಬರಲು
ಪಕ್ಕದ ಗೂಡಿನ ಕಡ್ಡಿ ಕದ್ದು
ಏನೂ ನಡೆಯದವರಂತೆ ಆಚೆ ನೋಡುತ್ತದೆ.
ಹಾವಕ್ಕಿ ತನ್ನ ರೆಕ್ಕೆ ತಾನೇ ಒಣಹಾಕಿದೆ, ಕ್ಲಿಪ್ಪಿಲ್ಲದೆ.
ಗುಳುಮುಳುಕನಿಗೆ ಫೋಕಸ್ ಕೂರುವ ಹೊತ್ತಿಗೆ
ಅಲ್ಲಿ ಬರೀ ಉಂಗುರ.

ಯಾರ ಗದ್ದವನ್ನೂ ಎತ್ತಿಸಲಾರೆ ಇಲ್ಲಿ.
ಯಾರ ಮಚ್ಚೆಯನ್ನೂ ಅಳಿಸಲಾರೆ.
ಮುನ್ನೂರು ಸಲ ಒತ್ತಿದೆ:
ಬೆನ್ನು, ಬಾಲ, ಎಲೆ, ಮತ್ತೆ ಬೆನ್ನು.

ಆಗ ಅವನು ಕೇಳಿದ, ನೀರಿಗೆ ಹೇಳುವವನಂತೆ:
"ನಂಗೂ ಒಂದ್ಸಲ ಆ ಕೊಳವೇಲಿ ನೋಡಕ್ಕೆ ಕೊಡ್ತೀಯಾ?"
ಬಲಗಣ್ಣಿಗೆ ಬಲಿತ ಪೊರೆ,
ಎಡಗಣ್ಣಿಗೆ ಬರುತ್ತಿರುವ ಪೊರೆ.
ಪಟ್ಟಿಯನ್ನು ಅವನ ಕೊರಳಿಗೆ ಹಾಕಿದೆ.
ಲೆನ್ಸಿನ ಬಳೆ ತಿರುಗಿಸಿದೆ, ಇನ್ನಷ್ಟು ತಿರುಗಿಸಿದೆ,
ಎಳ್ಳಷ್ಟು ಹಿಂದಕ್ಕೆ...
"ನಿಲ್ಸು."
ತೆರೆದ ಬಾಯಿ ಮುಚ್ಚಲಿಲ್ಲ.
"ಮೂರು ಮರಿ! ಮೂರ್ನೇದಕ್ಕೆ ಇನ್ನೂ ಪುಕ್ಕ ಬಂದಿಲ್ಲ.
ಅಯ್ಯ, ತಾಯಿ ಗಂಟ್ಲೊಳಗೇ ತಲೆ ತುರುಕ್ತೈತಲ್ಲೇ!"
ಅವನ ಬೆರಳಿಗೆ ಗುಂಡಿ ಸಿಕ್ಕಿತು.
ಬಿಡಲಿಲ್ಲ.

ಎರಡು ಮಳೆಗಾಲದಿಂದ ಅವನಿಗೆ ಈ ಕೆರೆಯೆಂದರೆ
ಒಂದಿಷ್ಟು ಬಿಳಿ, ಒಂದಿಷ್ಟು ಸದ್ದು.
ಹಾಗಾದರೆ ಗೇಟಿನ ಬಳಿಯ ಆ ರಿಜಿಸ್ಟರು?
ತಿಂಗಳು ತಿಂಗಳೂ ನೀಲಿ ಶಾಯಿಯಲ್ಲಿ ಗೂಡಿನ ಲೆಕ್ಕ?
ನಾನು ಕೇಳಲಿಲ್ಲ.
ಲೆನ್ಸಿನಿಂದ ಕಣ್ಣು ಕೀಳದೆ ಅವನೇ ಹೇಳಿದ:
"ಹೋದ ವರ್ಷದ್ದು ನೋಡ್ತೀನಿ. ಒಂದಿಪ್ಪತ್ತು ಸೇರಿಸ್ತೀನಿ.
ಹೆಚ್ಚಾಗ್ಲಿ ಅಂತ ಆಸೆ ಇರ್ತೈತಲ್ಲ."

ಈಗ ರಾತ್ರಿ. ಸ್ಟುಡಿಯೋ.
ಏರಿಯ ಮೇಲಿಂದ ತೆಗೆದ ಹನ್ನೊಂದು ಚಿತ್ರ ಜೋಡಿಸಿ
ಇಡೀ ಕೆರೆಯನ್ನು ಪರದೆಗೆ ಹಾಸಿದ್ದೇನೆ.
ಗೂಡಿಗೊಂದು ಕೆಂಪು ಚುಕ್ಕೆ,
ಮದುಮಗಳ ಹಣೆಗೆ ಕುಂಕುಮ ತಿದ್ದುವ ಅದೇ ಬ್ರಷ್ಷಿನಿಂದ.
ನಾನೂರ ಆರು.
ಮತ್ತೊಮ್ಮೆ, ನಾನೂರ ಒಂಬತ್ತು.
ರಿಜಿಸ್ಟರಿನಲ್ಲಿ ಏಳುನೂರ ನಲವತ್ತು.

ನಡುವೆ ಅವನು ಒತ್ತಿದವೂ ಬಂದವು, ನಲವತ್ತೆರಡು,
ಒಂದೇ ಗೂಡು, ಎಲ್ಲವೂ ಅಲುಗಿದವು.
ಒಂದರಲ್ಲಿ ಮಾತ್ರ, ಹೇಗೋ,
ಪುಕ್ಕವಿಲ್ಲದ ಮೂರನೆಯದರ ಕಣ್ಣು
ಸಾಸಿವೆಯಷ್ಟು ನಿಚ್ಚಳ.
ನೇರ ನೋಡುತ್ತಿದೆ.
ಹದಿನಾರು ವರ್ಷದಲ್ಲಿ ನಾನು ತೆಗೆಯದ ಫೋಟೊ.

ಫೋನು. "ಎಷ್ಟಾಯ್ತು, ತಂಗೀ?"
ಅವನ ದನಿಯ ಹಿಂದೆ ಕೆರೆ
ನಿದ್ದೆ ಬಾರದೆ ಗೊಣಗುತ್ತಿದೆ.
"ಇನ್ನೂ ಎಣಿಸ್ತಾ ಇದೀನಿ."
"ಎಣ್ಸು, ಎಣ್ಸು. ಅವಸರ ಇಲ್ಲ.
ಈ ಸಲ ಜಾಸ್ತೀನೇ ಇದ್ದಂಗವೆ,
ಕೇಳಿದ್ರೆ ಗೊತ್ತಾಗ್ತೈತಿ."

ಎಲೆಗಳನ್ನು ದೊಡ್ಡದು ಮಾಡಿದೆ.